ಆಶ್ರಯತಾಣಕ್ಕೆ ಗೋಡೆಯೇನೋ ಎದ್ದೀತು, ಪಳಗಿದ ವೈದ್ಯರೆಲ್ಲಿ?

ದಾಂಡೇಲಿ: ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆ, ಶಾಲಾ-ಕಾಲೇಜು ಹಾಗೂ ಕ್ರೀಡಾಂಗಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದಾಗ ಸ್ಥಳೀಯ ಸಂಸ್ಥೆಗಳ ಎದುರು ಎದ್ದ ಮೊದಲ ಪ್ರಶ್ನೆ ಜಾಗದ್ದು, ಎರಡನೆಯದು ಹಣದ್ದು. ಅಷ್ಟಾಗಿ ಚರ್ಚೆಗೆ ಬಾರದ ಮೂರನೆಯ ಪ್ರಶ್ನೆಯೊಂದಿದೆ. ಒಂದೇ ಸೂರಿನಡಿ ಕೂಡಿಹಾಕಿದ ನೂರಾರು ಪ್ರಾಣಿಗಳ ಆರೋಗ್ಯವನ್ನು ಕಾಯುವ ವೈದ್ಯರು ಯಾರು, ಅವರಿಗೆ ಆ ವಿದ್ಯೆಯನ್ನು ಕಲಿಸುವವರು ಯಾರು?

ದಾಂಡೇಲಿಗೆ ಹೊಂದಿಕೊಂಡಿರುವ ಅಂಬೇವಾಡಿಯಂಥ ಊರಿನಲ್ಲಿ ಈ ಪ್ರಶ್ನೆಯ ತೂಕ ಸ್ಪಷ್ಟವಾಗಿ ಅರಿವಿಗೆ ಬರುತ್ತದೆ. ದಾಂಡೇಲಿಯ ರೈಲು ನಿಲ್ದಾಣ ಇರುವುದು ಇಲ್ಲಿಯೇ. ಒಂದು ಬದಿಗೆ ಕಾಗದ ಕಾರ್ಖಾನೆಯ ಪಟ್ಟಣ, ಇನ್ನೊಂದು ಬದಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದತ್ತ ಸಾಗುವ ಕಾಡು. ದಾಂಡೇಲಿಯ ಆಡಳಿತ ನಗರಸಭೆಯದ್ದು, ಹಳಿಯಾಳದ್ದು ಪುರಸಭೆಯದ್ದು, ಮುಂಡಗೋಡದ್ದು ಪಟ್ಟಣ ಪಂಚಾಯಿತಿಯದ್ದು. ಸುತ್ತಲಿನ ಹಳ್ಳಿಗಳದ್ದು ಗ್ರಾಮ ಪಂಚಾಯಿತಿಗಳದ್ದು. ಬೀದಿ ನಾಯಿಗೂ ರೋಗಾಣುವಿಗೂ ಈ ಗಡಿಗಳ ಪರಿವೆಯಿಲ್ಲ.

ಆದೇಶ ನಡೆದು ಬಂದ ಹಾದಿ

ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ದೇಶದಲ್ಲಿ ಮೊದಲು ಬಂದದ್ದು 2001ರಲ್ಲಿ. 2023ರ ಮಾರ್ಚ್‌ನಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ನಾಯಿಯನ್ನು ಹಿಡಿದು, ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಮರಳಿ ಬಿಡಬೇಕು ಎಂಬುದು ಎರಡರ ತಿರುಳು. ಇದರ ಹೊಣೆ ಸ್ಥಳೀಯ ಸಂಸ್ಥೆಗಳದ್ದು.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದೆಹಲಿ ಮತ್ತು ಸುತ್ತಲಿನ ಪ್ರದೇಶದ ಎಲ್ಲ ಬೀದಿ ನಾಯಿಗಳನ್ನೂ ಆಶ್ರಯತಾಣಕ್ಕೆ ಸೇರಿಸುವಂತೆ ಆದೇಶಿಸಿತು. ಆಗಸ್ಟ್ 22ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್, ಸಂದೀಪ್ ಮೆಹ್ತಾ ಮತ್ತು ಎನ್.ವಿ. ಅಂಜಾರಿಯಾ ಅವರ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದ, ಶಂಕಿತ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಅದೇ ಜಾಗಕ್ಕೆ ಬಿಡಬಹುದು ಎಂದಿತು. ಪ್ರಕರಣದ ವ್ಯಾಪ್ತಿಯನ್ನೂ ಇಡೀ ದೇಶಕ್ಕೆ ಹಿಗ್ಗಿಸಿತು. ನವೆಂಬರ್ 7ರ ಆದೇಶದಲ್ಲಿ ಅದೇ ಪೀಠ ಶಾಲೆ, ಆಸ್ಪತ್ರೆ, ನಿಲ್ದಾಣಗಳಂಥ ತಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಕೂಡದು ಎಂದು ನಿರ್ದೇಶಿಸಿತು. ಹೆದ್ದಾರಿಗಳ ಮೇಲಿನ ಬಿಡಾಡಿ ದನಗಳನ್ನು ತೆರವುಗೊಳಿಸಿ ಗೋಶಾಲೆಗಳಿಗೆ ಸಾಗಿಸುವಂತೆಯೂ ಸೂಚಿಸಿತು.

ಹೀಗಾಗಿ ಎರಡು ಬಗೆಯ ತಾಣಗಳು ಬೇಕಾದವು. ಒಂದು, ಕೆಲವೇ ದಿನ ಇರಿಸಿಕೊಂಡು ಕಳುಹಿಸುವ ಶಸ್ತ್ರಚಿಕಿತ್ಸಾ ಕೇಂದ್ರ. ಇನ್ನೊಂದು, ಪ್ರಾಣಿ ಬದುಕಿರುವವರೆಗೂ ಇರಿಸಿಕೊಳ್ಳಬೇಕಾಗಬಹುದಾದ ಆಶ್ರಯತಾಣ. ಎರಡನೆಯದರ ವೈದ್ಯಕೀಯ ಅಗತ್ಯ ಮೊದಲನೆಯದಕ್ಕಿಂತ ಬಹಳ ಭಿನ್ನವಾದದ್ದು.

ಒಂದು ಪ್ರಾಣಿಯ ವೈದ್ಯವಲ್ಲ

ಸಾಮಾನ್ಯ ಪಶುವೈದ್ಯರ ಮುಂದೆ ಬರುವುದು ಒಂದು ಪ್ರಾಣಿ, ಜೊತೆಗೆ ಅದರ ಮಾಲೀಕ. ಆಶ್ರಯತಾಣದ ವೈದ್ಯರ ಮುಂದಿರುವುದು ಇಡೀ ಹಿಂಡು. ಅದರಲ್ಲಿ ಪ್ರತಿಯೊಂದರ ಹಿನ್ನೆಲೆಯೂ ಅಜ್ಞಾತ. ಒಂದು ನಾಯಿಯ ಭೇದಿಗೆ ಔಷಧ ಕೊಡುವುದಕ್ಕಿಂತ ಮೊದಲು ಆ ಭೇದಿ ಪಕ್ಕದ ಗೂಡಿಗೆ ಹರಡದಂತೆ ತಡೆಯುವುದು ಅಲ್ಲಿನ ಮೊದಲ ಕರ್ತವ್ಯ. ಇದನ್ನೇ ಶೆಲ್ಟರ್ ಮೆಡಿಸಿನ್, ಅಂದರೆ ಆಶ್ರಯತಾಣ ವೈದ್ಯಶಾಸ್ತ್ರ ಎನ್ನುತ್ತಾರೆ.

ಅಮೆರಿಕದಲ್ಲೂ ಇದು ಹಳೆಯ ಶಾಸ್ತ್ರವೇನಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಬೋಧನೆ ಆರಂಭವಾದದ್ದು 1999ರಲ್ಲಿ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2001ರಲ್ಲಿ ಸ್ನಾತಕೋತ್ತರ ತರಬೇತಿಗೆ ನಾಂದಿ ಹಾಡಿತು. ಆಶ್ರಯತಾಣ ಪಶುವೈದ್ಯರ ಸಂಘ 2010ರಲ್ಲಿ ಆರೈಕೆಯ ಮಾನದಂಡಗಳನ್ನು ಪ್ರಕಟಿಸಿತು. 2014ರಲ್ಲಿ ಅಲ್ಲಿನ ಪಶುವೈದ್ಯಕೀಯ ವೃತ್ತಿ ಇದನ್ನು ಪ್ರತ್ಯೇಕ ತಜ್ಞ ಶಾಖೆಯೆಂದು ಮಾನ್ಯ ಮಾಡಿತು.

ಅಲ್ಲಿನ ಪಠ್ಯವನ್ನು ಇಲ್ಲಿಗೆ ಹಾಗೆಯೇ ತಂದು ನೆಡಲಾಗದು. ಅಮೆರಿಕದ ಆಶ್ರಯತಾಣದ ಗುರಿ ಪ್ರಾಣಿಯನ್ನು ಬೇರೊಂದು ಮನೆಗೆ ದತ್ತು ಕೊಡುವುದು. ಇಲ್ಲಿ ಬಹುಪಾಲು ನಾಯಿಗಳು ಬೀದಿಗೆ ಮರಳಬೇಕಾದವು, ಇಲ್ಲವೇ ಅಲ್ಲಿಯೇ ಉಳಿಯಬೇಕಾದವು. ಆದರೂ ಕೆಲವು ಮೂಲಪಾಠಗಳು ಎಲ್ಲೆಡೆಗೂ ಸಲ್ಲುತ್ತವೆ. ಪ್ರಾಣಿ ಒಳಬಂದ ದಿನವೇ ಲಸಿಕೆ, ಹೊಸದಾಗಿ ಬಂದವಕ್ಕೂ ಕಾಯಿಲೆ ಬಿದ್ದವಕ್ಕೂ ಬೇರೆ ಬೇರೆ ಜಾಗ, ಮರಿಗಳು ಮತ್ತು ಆರೋಗ್ಯವಂತ ಪ್ರಾಣಿಗಳ ಗೂಡಿನಿಂದ ಶುರುವಾಗಿ ರೋಗಿಗಳ ಗೂಡಿನಲ್ಲಿ ಮುಗಿಯುವ ಶುಚಿಕಾರ್ಯ, ಪ್ರತಿ ಶಸ್ತ್ರಚಿಕಿತ್ಸೆಗೂ ಬೇರೆಯಾಗಿ ಕ್ರಿಮಿಶುದ್ಧಗೊಳಿಸಿದ ಉಪಕರಣ, ನೋವು ನಿವಾರಕ, ಪ್ರತಿ ಪ್ರಾಣಿಗೂ ದಾಖಲೆ, ಸಿಬ್ಬಂದಿಗೆ ಮುಂಚಿತವಾಗಿಯೇ ರೇಬೀಸ್ ಲಸಿಕೆ. ಇವುಗಳಲ್ಲಿ ಒಂದು ತಪ್ಪಿದರೂ ಆಶ್ರಯತಾಣವೇ ರೋಗದ ಕಾರ್ಖಾನೆಯಾಗುತ್ತದೆ.

ಪಾರ್ವೊ ವೈರಾಣುವಿನ ಉದಾಹರಣೆ ನೋಡಬಹುದು. ಇದು ನೆಲ, ಗೋಡೆ, ಬಟ್ಟಲುಗಳ ಮೇಲೆ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಸಾಮಾನ್ಯ ಫಿನಾಯಿಲ್ ಇಲ್ಲವೇ ಸ್ಯಾನಿಟೈಸರ್ ಅದನ್ನು ನಾಶಪಡಿಸುತ್ತದೆಂದು ನಂಬುವಂತಿಲ್ಲ. ತಕ್ಕ ಪ್ರಮಾಣದ ಬ್ಲೀಚ್ ದ್ರಾವಣವೇ ಬೇಕು. ಅದಕ್ಕೂ ಮೊದಲು ಮಲ, ಕೊಳೆಯನ್ನು ಪೂರ್ತಿ ತೊಳೆದಿರಬೇಕು. ನೆಲಕ್ಕೆ ಮಣ್ಣು ಬಿಡಬೇಕೋ, ನೀರು ಹೀರದ ಹಾಸು ಹಾಕಬೇಕೋ ಎಂಬುದು ಗುತ್ತಿಗೆದಾರರಿಗೆ ಖರ್ಚಿನ ವಿಷಯ; ವೈದ್ಯರಿಗೆ ಅದು ಮರಿಗಳ ಸಾವು-ಬದುಕಿನ ವಿಷಯ. ಕಟ್ಟಡದ ನಕ್ಷೆ ಸಿದ್ಧವಾಗುವ ಹಂತದಲ್ಲೇ ತರಬೇತಾದ ಪಶುವೈದ್ಯರು ಮೇಜಿನ ಎದುರು ಕುಳಿತಿರಬೇಕಾದದ್ದು ಇದಕ್ಕಾಗಿ.

ಲೆಕ್ಕ ತಪ್ಪಿದರೆ

ಆಶ್ರಯತಾಣದ ಸಾಮರ್ಥ್ಯ ಗೂಡುಗಳ ಎಣಿಕೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ದಿನಕ್ಕೆ 5 ನಾಯಿಗಳು ಬಂದು ತಲಾ 6 ದಿನ ಉಳಿದರೆ 30 ಗೂಡು ಸಾಕು. ಸೋಂಕು, ಹೊಲಿಗೆ ಬಿಚ್ಚುವುದು ಅಥವಾ ವೈದ್ಯರ ಕೊರತೆಯಿಂದ ಅದೇ ನಾಯಿಗಳು 12 ದಿನ ಉಳಿದರೆ 60 ಗೂಡು ಬೇಕು. ಕಟ್ಟಡವನ್ನು ಇಮ್ಮಡಿಗೊಳಿಸುವುದಕ್ಕಿಂತ ಶಸ್ತ್ರಚಿಕಿತ್ಸೆಯ ಗುಣಮಟ್ಟ ಹೆಚ್ಚಿಸುವುದು ಅಗ್ಗ. ಮರಳಿ ಬಿಡಲಾಗದ ನಾಯಿಗಳ ಲೆಕ್ಕ ಇನ್ನೂ ಬಿಗಿಯಾದದ್ದು. ತಿಂಗಳಿಗೆ 20ರಂತೆ ಬಂದರೆ ವರ್ಷದ ಕೊನೆಗೆ 240. ಎರಡನೇ ವರ್ಷದಲ್ಲಿ ಅದೇ ಜಾಗ, ಅದೇ ಸಿಬ್ಬಂದಿ, ಇಮ್ಮಡಿ ಪ್ರಾಣಿಗಳು.

ರಾಜ್ಯದ ಮಟ್ಟದಲ್ಲಿ ಈ ಲೆಕ್ಕದ ಗಾತ್ರ ಸಣ್ಣದಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 11.41 ಲಕ್ಷ ಬೀದಿ ನಾಯಿಗಳಿದ್ದವು. ಬೆಂಗಳೂರು ನಗರವೊಂದರಲ್ಲೇ 2023ರ ಸಮೀಕ್ಷೆ ಸುಮಾರು 2.79 ಲಕ್ಷ ನಾಯಿಗಳನ್ನು ಅಂದಾಜಿಸಿತು. 2024ರಲ್ಲಿ ರಾಜ್ಯದಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತದ ಪ್ರಕರಣಗಳು ದಾಖಲಾದವು. ಕಚ್ಚಿಸಿಕೊಂಡ ಮಗುವಿನ ಪಾಲಕರ ಆತಂಕ ಸುಳ್ಳಲ್ಲ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಅಂಥ ಪಾಲಕರ ಮುಂದೆ ನಾಯಿಗಳ ಆರೈಕೆಯ ಮಾತೆತ್ತುವುದು ಅಪ್ರಸ್ತುತ ಎನ್ನಿಸಬಹುದು. ಆದರೆ ಅರೆಬರೆ ಚಿಕಿತ್ಸೆ, ಲಸಿಕೆ ತಪ್ಪಿದ ನಾಯಿ, ದಾಖಲೆಯಿಲ್ಲದ ಆಶ್ರಯತಾಣಗಳ ಫಲವನ್ನು ಕೊನೆಗೆ ಉಣ್ಣುವವರು ಅದೇ ಬೀದಿಯ ಮಕ್ಕಳು.

ಕಾಡಿನ ಅಂಚಿನ ಅಪಾಯ

ದಾಂಡೇಲಿ, ಜೋಯಿಡಾ ಭಾಗಕ್ಕೆ ಇನ್ನೂ ಒಂದು ಹೊಣೆ ಇದೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದ ಕಾಡು ಇಲ್ಲಿಯದು. ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಾಣು ದೊಡ್ಡ ಬೆಕ್ಕುಗಳನ್ನೂ ಬಿಡುವುದಿಲ್ಲ. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಗೊಳಪಟ್ಟ ಕೆಲವು ಪ್ರಾಣಿಗಳಲ್ಲಿ ಇದೇ ವೈರಾಣು ಪತ್ತೆಯಾಗಿತ್ತು.

ಬೀದಿಯಲ್ಲಿ ಚದುರಿರುವ ನಾಯಿಗಳನ್ನು ಒಂದೆಡೆ ಕೂಡಿಸಿ, ಪರಸ್ಪರ ಸೋಂಕು ತಗುಲಿಸಿ, ಚಿಕಿತ್ಸೆಯ ನಂತರ ಕಾಡಂಚಿನ ಹಳ್ಳಿಗಳಿಗೆ ಮರಳಿ ಬಿಟ್ಟರೆ ಆಗುವ ಹಾನಿ ಊರಿಗಷ್ಟೇ ಸೀಮಿತವಾಗದು. ಸಂತಾನ ನಿಯಂತ್ರಣ ಕಾರ್ಯಕ್ರಮದ ಕಡ್ಡಾಯ ಲಸಿಕೆ ರೇಬೀಸ್‌ನದು. ಇಂಥ ಪ್ರದೇಶದಲ್ಲಿ ಡಿಸ್ಟೆಂಪರ್, ಪಾರ್ವೊ ಒಳಗೊಂಡ ಸಂಯುಕ್ತ ಲಸಿಕೆಯನ್ನೂ ಕೊಡಬೇಕೇ, ಯಾವ ನಾಯಿಯನ್ನು ಎಷ್ಟು ದಿನ ಬೇರೆ ಇರಿಸಬೇಕು ಎಂಬುದನ್ನು ನಿರ್ಧರಿಸಲು ಪಳಗಿದ ವೈದ್ಯರೇ ಬೇಕು. ಗುತ್ತಿಗೆಯ ಕರಾರುಪತ್ರ ಇದನ್ನು ನಿರ್ಧರಿಸಲಾರದು.

ಪಾಠ ದೂರವೇನಿಲ್ಲ

ಇಂಥ ತರಬೇತಿಗೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕರ್ನಾಟಕದ ಗಡಿಯಾಚೆಯ ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ಸಂಸ್ಥೆ ನಡೆಸುತ್ತ ಬಂದ ಕೇಂದ್ರದಲ್ಲಿ ದೇಶ-ವಿದೇಶಗಳ ಪಶುವೈದ್ಯರು ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯನ್ನು ಕೈಯಾರೆ ಮಾಡಿ ಕಲಿತಿದ್ದಾರೆ. ಫಿನ್ಲೆಂಡ್ ಮೂಲದ ಪಶುವೈದ್ಯೆ ಡಾ. ಇಲೋನಾ ಓಟರ್ ಅಲ್ಲಿನ ತರಬೇತಿಯ ನೇತೃತ್ವ ವಹಿಸಿದವರಲ್ಲಿ ಪ್ರಮುಖರು.

ಇನ್ನು ಗೋವಾ ಜೋಯಿಡಾ ತಾಲ್ಲೂಕಿನ ನೆರೆಮನೆ; ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಮೊಲ್ಲೆಂ. 2014ರಿಂದ ಅಲ್ಲಿನ ಸರ್ಕಾರದೊಡನೆ ಮಿಷನ್ ರೇಬೀಸ್ ಸಂಸ್ಥೆ ನಡೆಸಿದ ಕಾರ್ಯಕ್ರಮದಲ್ಲಿ ವರ್ಷಕ್ಕೆ ಸುಮಾರು 95,000 ನಾಯಿಗಳಿಗೆ ಲಸಿಕೆ ಹಾಕುವ ಮಟ್ಟ ಮುಟ್ಟಲಾಯಿತು. ನಾಯಿಗಳಲ್ಲಿ ರೇಬೀಸ್‌ನ ಮಾಸಿಕ ಪ್ರಕರಣಗಳು ಶೇ 92ರಷ್ಟು ಇಳಿದವೆಂದು 2022ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಆ ಯಶಸ್ಸು ಬಂದದ್ದು ನಾಯಿಗಳನ್ನು ಕೂಡಿಹಾಕಿದ್ದರಿಂದಲ್ಲ, ಬೀದಿ ಬೀದಿಗೆ ಹೋಗಿ ಲಸಿಕೆ ಹಾಕಿದ್ದರಿಂದ ಎಂಬುದು ಗಮನಾರ್ಹ. ತರಬೇತಾದ ತಂಡ, ವರ್ಷ ತಪ್ಪದ ಕೆಲಸ, ಪ್ರತಿ ಲಸಿಕೆಯ ದಾಖಲೆ ಈ ಮೂರು ಇಲ್ಲದೆ ಅದು ಆಗುತ್ತಿರಲಿಲ್ಲ.

ಕರ್ನಾಟಕಕ್ಕೂ ಬುನಾದಿ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಷ್ಟು ಹಳೆಯದು. ಬೀದರ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಐದೂವರೆ ವರ್ಷದ ಪದವಿಯ ಒತ್ತು ಸಹಜವಾಗಿಯೇ ದನ, ಎಮ್ಮೆ, ಕುರಿ, ಕೋಳಿಗಳ ಮೇಲಿದೆ. ರೈತರ ಬದುಕು ನಿಂತಿರುವುದು ಅವುಗಳ ಮೇಲೆ. ಹಿಂಡಿನ ಆರೋಗ್ಯದ ಪಾಠ ಈ ವೈದ್ಯರಿಗೆ ಹೊಸದೂ ಅಲ್ಲ. ಕೋಳಿ ಫಾರಂನ ಜೈವಿಕ ಸುರಕ್ಷತೆಯನ್ನು ಬಲ್ಲವರಿಗೆ ನಾಯಿಗಳ ಆಶ್ರಯತಾಣದ ತತ್ವ ಬೇಗ ಒಗ್ಗುತ್ತದೆ. ಅವರಿಗೆ ಬೇಕಾದದ್ದು ನಾಯಿಗಳ ಮೇಲಿನ ಶಸ್ತ್ರಚಿಕಿತ್ಸೆಯ ಕೈಪಳಗು ಮತ್ತು ಅದನ್ನು ಕಲಿಸುವ ಹಿರಿಯರು.

ಆಕ್ಷೇಪಕ್ಕೆ ಉತ್ತರವಿದೆ

ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಹಳ್ಳಿಗಳ ಭೇಟಿಯ ನಡುವೆ ಉಸಿರಾಡಲು ಬಿಡುವಿಲ್ಲದ ಪಶುವೈದ್ಯರನ್ನು ನಾಯಿಗಳ ತರಬೇತಿಗೆ ಕಳುಹಿಸಿದರೆ ಹೈನುಗಾರರ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲರಿಗೂ ತರಬೇತಿ ಕೊಡಬೇಕಾಗಿಲ್ಲ ಎಂಬುದು ಅದಕ್ಕೆ ಉತ್ತರ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳು ತಲಾ ಒಂದು ಅರೆಬರೆ ಕೇಂದ್ರ ಕಟ್ಟುವ ಬದಲು, ಸೇರಿ ಒಂದು ಸುಸಜ್ಜಿತ ಕೇಂದ್ರವನ್ನೂ ಅದಕ್ಕೇ ಮೀಸಲಾದ ಒಂದು ತಂಡವನ್ನೂ ಹೊಂದಬಹುದು. ವಿಶ್ವವಿದ್ಯಾಲಯ ಮೊದಲು ಬೆರಳೆಣಿಕೆಯ ತರಬೇತುದಾರರನ್ನು ಊಟಿ, ಗೋವಾಗಳಲ್ಲಿ ಸಿದ್ಧಪಡಿಸಿದರೆ, ಅವರು ಜಿಲ್ಲೆಗಳಿಗೆ ಹೋಗಿ ಉಳಿದವರಿಗೆ ಕಲಿಸಬಲ್ಲರು. ಇಂಟರ್ನ್‌ಶಿಪ್ ವರ್ಷದ ವಿದ್ಯಾರ್ಥಿಗಳನ್ನು ಕೆಲ ವಾರ ಇಂಥ ಕೇಂದ್ರಗಳಿಗೆ ನಿಯೋಜಿಸಿದರೆ ಅವರಿಗೆ ಅನುಭವ, ಕೇಂದ್ರಕ್ಕೆ ಕೈಗಳು.

ಈ ಕಲಿಕೆ ನಾಯಿಗಳಿಗಷ್ಟೇ ಮುಗಿಯುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ರಾಜ್ಯದಲ್ಲಿ ಗೋಶಾಲೆಗಳ ಮಾತು ಜೋರಾಗಿ ಕೇಳಿಬಂದಿದೆ. ಹೆದ್ದಾರಿಯ ದನಗಳೂ ಅಲ್ಲಿಗೇ ಹೋಗಬೇಕಾದವು. ಮುದಿ, ರೋಗಗ್ರಸ್ತ, ಪ್ಲಾಸ್ಟಿಕ್ ತಿಂದ ದನಗಳನ್ನು ಇಕ್ಕಟ್ಟಿನಲ್ಲಿ ಇರಿಸಿದಾಗ ಏನಾಗುತ್ತದೆ ಎಂಬುದನ್ನು ಹಿಂಡಿಡೀ ವ್ಯಾಪಿಸುವ ಚರ್ಮಗಂಟು ರೋಗ ಈಗಾಗಲೇ ತೋರಿಸಿಕೊಟ್ಟಿದೆ.

ಆಶ್ರಯತಾಣಕ್ಕೆ ಟೆಂಡರ್ ಕರೆಯುವುದು ಕೆಲವೇ ವಾರಗಳ ಕೆಲಸ. ಒಬ್ಬ ಪಶುವೈದ್ಯರನ್ನು ಪಳಗಿಸುವುದು ಅದಕ್ಕಿಂತ ದೀರ್ಘವಾದದ್ದು. ಆದ್ದರಿಂದ ಮೊದಲು ಆರಂಭವಾಗಬೇಕಾದದ್ದು ತರಬೇತಿ. ಕ್ರಮ ತಿರುಗುಮುರುಗಾದರೆ ಬೀದಿಯ ಸಮಸ್ಯೆ ಗೋಡೆಯ ಹಿಂದೆ ಕಣ್ಮರೆಯಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ. ಕಾಡು, ಕಾರ್ಖಾನೆ, ರೈಲು ನಿಲ್ದಾಣ ಮೂರನ್ನೂ ಮಗ್ಗುಲಲ್ಲಿ ಇರಿಸಿಕೊಂಡಿರುವ ಅಂಬೇವಾಡಿಯಂಥ ಊರುಗಳಿಗೆ ಅದರ ಬೆಲೆ ತೆರುವ ಶಕ್ತಿಯಿಲ್ಲ.