ಪುಸ್ತಕದ ಭಾರ, ಹಲಗೆಯ ಬಾಗು

ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿಸುತ್ತಿರುವ ಪೋಷಕರೊಬ್ಬರು ಮೊನ್ನೆ ನಕ್ಷೆ ಹಿಡಿದು ಬಂದಿದ್ದರು. ನಡುಮನೆಯ ಗೋಡೆಗಳಿಗೆಲ್ಲ ಮರದ ಹೊದಿಕೆ, ಒಂದು ಗೋಡೆಯ ತುಂಬ ಪುಸ್ತಕ. ಮಗಳು ಪಿಯುಸಿಗೆ ಬಂದಿದ್ದಾಳೆ. ಅವಳ ಪುಸ್ತಕಗಳು ಮಾತ್ರ ಇನ್ನೂ ರಾಗಿ ಮೂಟೆಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿವೆ. ಟಿ.ವಿ.ಗೆ ಶೋಕೇಸು ಮಾಡಿಸಿ ಪುಸ್ತಕವನ್ನು ಅಟ್ಟಕ್ಕೇರಿಸುವ ಕಾಲದಲ್ಲಿ ಇಂಥವರನ್ನು ಕಂಡರೆ ಮೇಷ್ಟರಿಗೆ ಸಂತೋಷವಾಗದೆ ಇದ್ದೀತೆ? ಆದರೂ ನಕ್ಷೆಯ ಮೇಲೆ ಎರಡು ಕಡೆ ಪೆನ್ಸಿಲ್ ಆಡಿಸಬೇಕಾಯಿತು.

ಕಪಾಟಿನ ಹಲಗೆ 6 ಅಡಿ ಉದ್ದ, ಮುಕ್ಕಾಲು ಅಂಗುಲ ದಪ್ಪ. ಆಧಾರ ಎರಡು ತುದಿಗಳಲ್ಲಿ ಮಾತ್ರ. ಒತ್ತಾಗಿ ಜೋಡಿಸಿದ ಪುಸ್ತಕ ಅಡಿಗೆ ಸುಮಾರು 8–10 ಕಿಲೋ ತೂಗುತ್ತದೆ. ಅಂದರೆ ದೊಡ್ಡವರೊಬ್ಬರು ಹಗಲೂ ರಾತ್ರಿ ಆ ಹಲಗೆಯ ಮೇಲೆ ಕುಳಿತಂತೆ! ವಿದ್ಯಾರ್ಥಿಗಳೇ, ಎರಡು ದಪ್ಪ ಪುಸ್ತಕಗಳ ಮೇಲೆ ಪ್ಲಾಸ್ಟಿಕ್ ಸ್ಕೇಲನ್ನು ಅಡ್ಡಲಾಗಿ ಇಟ್ಟು, ಮಧ್ಯದಲ್ಲಿ ಸಣ್ಣ ತೂಕ ಇಟ್ಟು ನೋಡಿ. ಅಂತರ ಇಮ್ಮಡಿಯಾದರೆ ಬಾಗು 8 ಪಟ್ಟು. ಕಪಾಟಿನಲ್ಲಿ ಉದ್ದದ ಜೊತೆಗೆ ಪುಸ್ತಕವೂ ಹೆಚ್ಚುವುದರಿಂದ ಬಾಗು 16 ಪಟ್ಟು. ವರ್ಷಗಟ್ಟಲೆ ಭಾರ ಹೊತ್ತ ಮರ ಆಮೇಲೆ ಪೂರ್ತಿ ನೆಟ್ಟಗಾಗುವುದೂ ಇಲ್ಲ. ದಪ್ಪ ಇಮ್ಮಡಿ ಮಾಡಿದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ನಿಜ. ಮರದ ಖರ್ಚೂ ಇಮ್ಮಡಿ. ಅದಕ್ಕಿಂತ ನಡುವೆ ಒಂದು ನಿಲುವು ಹಲಗೆ ಕೊಡುವುದು ಜಾಣತನ. ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ತೂಕ ಹೇರಿ, ಬಾಗುವುದೇ ಇಲ್ಲ. ಹಲಗೆಯ ಮುಂಭಾಗಕ್ಕೆ ಬಡಗಿ ಒಂದು ಪಟ್ಟಿ ಹೊಡೆಯುವುದರ ಗುಟ್ಟು ಇದೇ.

ಇನ್ನು ಹೊದಿಕೆ. ಮರ ಗಾಳಿಯ ತೇವ ಹೀರಿ ಅಡ್ಡಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಬದಲಾಗುವುದು ಅತ್ಯಲ್ಪ. ಗುಂಡ್ಲುಪೇಟೆಗೆ ವಯನಾಡಿನ ಕಡೆಯ ಮುಂಗಾರು ಗಾಳಿ, ಚಾಮರಾಜನಗರಕ್ಕೆ ಹಿಂಗಾರು ಮಳೆ, ಉಳಿದಂತೆ ಒಣಹವೆ. ಆದ್ದರಿಂದ ಹಲಗೆಗಳ ನಡುವೆ ಹಿಗ್ಗಲು ಸ್ವಲ್ಪ ಜಾಗ ಬೇಕು. ಹೊಸ ಗಾರೆಯ ನೀರು ಆರುವ ಮುನ್ನ ಮರ ಬಡಿದರೆ ಬೂಷ್ಟು ಖಂಡಿತ. ಗೋಡೆಗೆ ರೀಪರು ಹೊಡೆದು ಅರ್ಧ ಅಂಗುಲ ಬಿಡಿ, ಮೇಲೂ ಕೆಳಗೂ ಗಾಳಿಯಾಡಲಿ. ಬಚ್ಚಲಿನ ಗೋಡೆಗೆ ಮರವೂ ಬೇಡ, ಪುಸ್ತಕವೂ ಬೇಡ. ಗೆದ್ದಲು ಬೆಳಕಿಗೆ ಬಾರದೆ ಮಣ್ಣಿನ ಸುರಂಗ ಕಟ್ಟಿಕೊಂಡು ಏರುವ ಪ್ರಾಣಿ. ನೆಲದಿಂದ ಅರ್ಧ ಅಡಿ ಗೋಡೆ ಬರಿದಾಗಿದ್ದರೆ ಆ ಸುರಂಗ ಕಣ್ಣಿಗೆ ಬೀಳುತ್ತದೆ. ನಮ್ಮ ಹಳೆಯ ತೊಟ್ಟಿಮನೆಗಳ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತದ್ದು ಅಂದಕ್ಕೆ ಮಾತ್ರವಲ್ಲ.

ಬಂಡೀಪುರದ ಕಾಡಿನಲ್ಲಿ ತೇಗ, ಹೊನ್ನೆ, ಮತ್ತಿ ಎಲ್ಲವೂ ಇವೆ. ಅವು ಅಲ್ಲೇ ಇರಲಿ. ರಸೀದಿ ಕೊಡುವ ಡಿಪೋದಲ್ಲೇ ಮರ ಕೊಳ್ಳಿ. ಹಣ ಸಾಲದಿದ್ದರೆ ಗೋಡೆಗೆ ಸುಣ್ಣವೇ ಸಾಕು, ಗೂಡಿಗೆ ಕಡಪಾ ಕಲ್ಲು ಕೂರಿಸಿ. ಗಾಜಿನ ಬಾಗಿಲಿಗೆ ಬೀಗ ಮಾತ್ರ ಹಾಕಿಸಬೇಡಿ. ಕೆಳಗಿನ ಎರಡು ಸಾಲು ಚಿಕ್ಕ ಮಕ್ಕಳ ಕೈಗೆ ಎಟುಕಬೇಕು.