ವಯಸ್ಸಿಗೆ ಮೀರಿದ ಪುಸ್ತಕ



ಏಳನೆಯ ತರಗತಿಯ ಬಾಲಿಕೆಯೊಬ್ಬಳು ಒಂದು ದಿನ ನನ್ನ ಕೋಣೆಗೆ ಬಂದು, "ಅಕ್ಕನವರೇ, ನಮ್ಮ ಆಳಂದದ ಹೊಲದ ಕಲ್ಲು ಕಪ್ಪಾಗಿಯೂ ಶಹಾಬಾದಿನ ಹಾಸುಗಲ್ಲು ಬೂದುಬಣ್ಣವಾಗಿಯೂ ಇರುವುದೇಕೆ?" ಎಂದು ಕೇಳಿದಳು. ನಾನು ಅವಳ ವಯಸ್ಸನ್ನು ಎಣಿಸಿ, ದೊಡ್ಡ ಚಿತ್ರಗಳುಳ್ಳ ಕಿರುಹೊತ್ತಗೆಯೊಂದನ್ನು ಕೊಟ್ಟು ಕಳುಹಿಸಿದೆನು. ಮರುದಿನವೇ ಅದನ್ನು ಹಿಂದಿರುಗಿಸಿ, "ಇದರಲ್ಲಿ ಕಲ್ಲು ಇದೆ, ಏಕೆ ಎಂಬುದಿಲ್ಲ" ಎಂದಳು. ತಪ್ಪು ನನ್ನದೇ. ತರಗತಿಯನ್ನು ನೋಡಿ ಕೊಟ್ಟೆನೇ ಹೊರತು ಪ್ರಶ್ನೆಯನ್ನು ನೋಡಿ ಕೊಡಲಿಲ್ಲ. ಬಳಿಕ ಪ್ರೌಢರ ಭೂವಿಜ್ಞಾನದ ಪುಸ್ತಕವೊಂದನ್ನು ಅವಳ ಪಕ್ಕದಲ್ಲಿ ಕುಳಿತು ತೆರೆದೆನು. ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಆರಿ ಗಟ್ಟಿಯಾದುದು. ಹಾಸುಗಲ್ಲಾದರೋ ಅದಕ್ಕಿಂತಲೂ ಬಹು ಹಿಂದೆ ಸಮುದ್ರತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣದ ಕಲ್ಲು. ಇದನ್ನು ಓದುತ್ತ ಅವಳು ಗಂಟೆ ಬಾರಿಸಿದರೂ ಏಳಲಿಲ್ಲ.

ಇಂತಹ ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕಗಳೇ ಇಲ್ಲವೆಂದು ಹಲವರು ಹೇಳುವರು. ಅದು ಅರ್ಧ ಸತ್ಯ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಬೆಂಗಳೂರಿನಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಹುಟ್ಟಿತು. ಅದರ ಬೋಧನೆಗಾಗಿ ವಿಜ್ಞಾನಗ್ರಂಥಗಳು ಉರ್ದುವಿಗೆ ಭಾಷಾಂತರವಾದವು. 1948ರ ವರೆಗೆ ನಿಜಾಮ ಸಂಸ್ಥಾನದಲ್ಲಿದ್ದ ಆಳಂದ, ಅಫಜಲಪುರ, ಜೇವರ್ಗಿಗಳ ಕನ್ನಡ ಬಾಲಿಕೆಗೆ ಮೊದಲನೆಯದು ದೂರ, ಎರಡನೆಯದು ಪರಭಾಷೆ. ಆ ಕೊರತೆಯ ನೆರಳು ನಮ್ಮ ಕಡೆಯ ಕಪಾಟುಗಳ ಮೇಲೆ ಇಂದಿಗೂ ಇದೆಯೆಂದು ನನ್ನ ಎಣಿಕೆ.

ಆದರೂ ಹುಡುಕಿದರೆ ದೊರೆಯುವುದು. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವನ್ನೂ, 1959ರಿಂದ ಮುಂದಕ್ಕೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರವನ್ನು ನಗಿಸುತ್ತಲೇ ಕಲಿಸುವುದು. (ಅವರ ಹಾಸ್ಯವು ಕೆಲವು ತಾಯಂದಿರಿಗೆ ಹಿಡಿಸದಿರಬಹುದು, ನನಗೆ ಹಿಡಿಸುವುದು.) ಹಳೆಯ ಪುಸ್ತಕಗಳಲ್ಲಿ ಗ್ರಹಗಳು ಒಂಬತ್ತು ಎಂದಿರುವುದು ನಿಜ, 2006ರಲ್ಲಿ ಪ್ಲೂಟೋವನ್ನು ಆ ಪಂಕ್ತಿಯಿಂದ ಎಬ್ಬಿಸಿ ಕುಬ್ಜಗ್ರಹವೆಂದರು. ಅಷ್ಟಕ್ಕೇ ಪುಸ್ತಕವನ್ನು ರದ್ದಿಗೆ ಹಾಕಬೇಕಾಗಿಲ್ಲ. ಹುಡುಗಿಯ ಕೈಗೆ ಪೆನ್ಸಿಲನ್ನು ಕೊಟ್ಟು ಅಂಚಿನಲ್ಲಿ ತಿದ್ದಿಸಿರಿ. ಓದಿದುದಕ್ಕಿಂತ ತಿದ್ದಿದುದು ಅವಳ ನೆನಪಿನಲ್ಲಿ ಹೆಚ್ಚು ಕಾಲ ನಿಲ್ಲುವುದು.

"ಪರೀಕ್ಷೆಗೆ ಬಾರದ ಪುಸ್ತಕವು ಹೆಣ್ಣುಮಗಳಿಗೇತಕ್ಕೆ?" ಎಂದು ಕೆಲವು ಪಾಲಕರು ಕೇಳುವುದುಂಟು. ಹತ್ತನೆಯ ತರಗತಿಯಾದ ಮೇಲೆ ಅವಳು ವಿಜ್ಞಾನವನ್ನು ಆರಿಸಿಕೊಳ್ಳುವಳೋ ಇಲ್ಲವೋ ಎಂಬುದು ಹನ್ನೆರಡನೆಯ ವಯಸ್ಸಿನಲ್ಲಿ ಅವಳ ಪ್ರಶ್ನೆಗೆ ದೊರೆತ ಉತ್ತರದಿಂದ ನಿಶ್ಚಯವಾಗುವುದನ್ನು ನಾನು ಹಲವು ಸಲ ಕಂಡಿರುವೆನು. "ದೊಡ್ಡವಳಾದ ಮೇಲೆ ತಿಳಿಯುವೆ" ಎಂದು ಎರಡು ಬಾರಿ ಹೇಳಿಸಿಕೊಂಡವಳು ಮೂರನೆಯ ಬಾರಿ ಕೇಳುವುದಿಲ್ಲ. ಮನೆಯವರು ಅದನ್ನು ವಿನಯವೆಂದು ಭಾವಿಸಿ ಸಂತೋಷಪಡುವರು.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಪೆಟ್ಟಿಗೆಗಳಲ್ಲಿ ಇಂತಹ ಪುಸ್ತಕಗಳಿದ್ದರೆ, ಹರಿದಿದ್ದರೂ ಚಿಂತೆಯಿಲ್ಲ, ಶಾಲೆಗೆ ಕಳುಹಿಸಿರಿ. ಹೊಲಿಗೆಯ ತರಗತಿಯವರು ಕಟ್ಟು ಹಾಕಿಕೊಳ್ಳುವರು. ಹೊದಿಕೆಯ ಮೇಲೆ ಇಂತಿಂಥ ತರಗತಿಗೆಂದು ಮಾತ್ರ ಬರೆಯಬೇಡಿರಿ.