ಮಳೆ ಪುಸ್ತಕ ಮತ್ತು ನನ್ನ ಮಾರ್ಕ್ಸ್ ಕಾರ್ಡ್

ನನ್ನ ಡಿಗ್ರಿ ಮಾರ್ಕ್ಸ್ ಕಾರ್ಡ್‌ಗಳನ್ನ ಸಾಲಾಗಿ ಜೋಡಿಸಿದ್ರೆ ಬಿಸಿಲೆ ಘಾಟಿ ರಸ್ತೆ ಥರ ಕಾಣುತ್ತೆ. ಮೊದಲೆರಡು ಸೆಮಿಸ್ಟರ್ 70ರ ಮೇಲೆ. ಮೂರನೇದ್ರಲ್ಲಿ ಎರಡು ಸಬ್ಜೆಕ್ಟ್ ಫೇಲ್. ನಾಲ್ಕರಲ್ಲಿ ಹೇಗೋ ಪಾಸು. ಕೊನೇದ್ರಲ್ಲಿ ಮತ್ತೆ 72.

ಎರಡು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ, ಪತ್ರಿಕೋದ್ಯಮ ಎಂ.ಎ.ಗೆ ಅರ್ಜಿ ಹಾಕೋಣ ಅಂತ ವನಗೂರಿಗೆ ಬಂದು ಕೂತೆ. 'ಈ ಕೋರ್ಸ್ ನಿಮಗೇಕೆ?' ಅಂತ ಒಂದು ಪುಟ ಬರೀಬೇಕಿತ್ತು. ಮೂರು ಸಲ ಬರೆದೆ. ಮೂರರಲ್ಲೂ ಆ ಮೂರನೇ ಸೆಮಿಸ್ಟರ್ ಸುದ್ದಿಯೇ ಇಲ್ಲ! ಮೆಟ್ರಿಕ್ ಪಾಸಾಗದ ಡಿವಿಜಿ ದೊಡ್ಡ ಪತ್ರಕರ್ತರಾದ್ರು ಅಂತ ಸಮಾಧಾನ ಮಾಡ್ಕೊಂಡೆ. ಆದ್ರೆ ಅದನ್ನ ಅರ್ಜೀಲಿ ಬರೆಯೋಕಾಗುತ್ತಾ?

ಆವತ್ತು ಬೆಳಿಗ್ಗೆ ಅಪ್ಪ ಮಳೆ ಅಳೆದು ಬಂದು ಪುಸ್ತಕ ತೆಗೆದ್ರು. ನಮ್ಮ ಕಡೆ ಕಾಫಿ ಬೆಳೆಯೋರ ಮನೇಲಿ ಇದು ಮಾಮೂಲು, ದಿನದ ಮಳೆ ಇಂಚು, ಸೆಂಟುಗಳಲ್ಲಿ ದಾಖಲಾಗಬೇಕು. ನಾನು 2018ರ ಆಗಸ್ಟ್ ಪುಟ ತಿರುವಿದೆ. ಶಿರಾಡಿ ಘಾಟಿ ಕುಸಿದು, ಪಕ್ಕದ ಕೊಡಗಿನಲ್ಲಿ ಗುಡ್ಡಗಳೇ ಜಾರಿದ ತಿಂಗಳು. ನಮ್ಮ ತೋಟದಲ್ಲಿ ಕೊಳೆರೋಗ ಬಂದು ಕಾಯೆಲ್ಲ ಉದುರಿತ್ತು. ಅಪ್ಪ ಹಾಸಿಗೆ ಹಿಡಿದಿದ್ರು. ನಾನು ಕಾಲೇಜು ಬಿಟ್ಟು ಐದು ವಾರ ಮನೇಲಿದ್ದೆ. ಆದ್ರೂ ಒಂದು ದಿನವೂ ಖಾಲಿ ಇಲ್ಲ. ಅಮ್ಮನ ಕೈಲಿ ಬರೆಸಿದ್ರು. ಅಂಚಿನಲ್ಲಿ 'ರಸ್ತೆ ಬಂದ್', 'ಕರೆಂಟಿಲ್ಲ' ಅಂತ ಟಿಪ್ಪಣಿ.

"ಇಷ್ಟು ಕೆಟ್ಟ ಲೆಕ್ಕಾನೂ ಯಾಕೆ ಬರೆಸಿದ್ರಿ ಅಪ್ಪ?"

"ಬಿದ್ದಷ್ಟು ಬರೀಬೇಕು ಕಣವ್ವ. ಕಮ್ಮಿ ಬರೆದ್ರೆ ಮುಂದಿನ ವರ್ಷ ಈ ಪುಸ್ತಕ ನೋಡಿ ಏನುಪಯೋಗ?"

ನಾಲ್ಕನೇ ಸಲ ಬರೆದೆ. ಮೂರನೇ ಸೆಮಿಸ್ಟರ್‌ಗೆ ನಾಲ್ಕೇ ಸಾಲು: ಎಷ್ಟು ಸಬ್ಜೆಕ್ಟ್ ಹೋಯ್ತು, ಯಾಕೆ ಹೋಯ್ತು, ಯಾವಾಗ ಕಟ್ಟಿ ಪಾಸಾದೆ, ಆಮೇಲೆ ಅಂಕ ಹೇಗೆ ಏರಿತು. ಅಳು ಇಲ್ಲ, ಕ್ಷಮೆಯೂ ಇಲ್ಲ. ಉಳಿದ ಜಾಗವೆಲ್ಲ ನಾನು ಬರೆದಿದ್ದ ಒಂದು ವರದಿಗೆ. ನಮ್ಮ ಸಕಲೇಶಪುರ, ಆಲೂರು ಕಡೆ ಆನೆ ಬಂದ ಸುದ್ದಿ ಮೊಬೈಲಿಗೆ ಬರುತ್ತೆ. ಮೊಬೈಲಿಲ್ಲದ ತೋಟದ ಕೂಲಿಯವರಿಗೆ? ಅದೇ ವಿಷಯ.

ಒಂದು ಕಡೆ ಅಂಕದ ಪಟ್ಟಿಯಲ್ಲೇ ಹೆಸರು ಬರಲಿಲ್ಲ. ಇನ್ನೊಂದು ಕಡೆ ಸಂದರ್ಶನಕ್ಕೆ ಕರೆದ್ರು. ಮೂರನೇ ಸೆಮಿಸ್ಟರ್ ಮಾತು ಎರಡು ನಿಮಿಷದಲ್ಲಿ ಮುಗೀತು. ಬೆವರಿಳಿಸಿದ್ದು ಬೇರೆ ಪ್ರಶ್ನೆ: "ಕೂಲಿಯವರ ಮಾತಿದೆ, ಅರಣ್ಯ ಇಲಾಖೆಯವರ ಮಾತೆಲ್ಲಿ?" ಉತ್ತರ ಇರಲಿಲ್ಲ. ಕೇಳಿಲ್ಲ ಅಂತ ಒಪ್ಕೊಂಡೆ. ಸೀಟು ಸಿಕ್ತು.

ನೀವೂ ಅರ್ಜಿ ಹಾಕೋರಾದ್ರೆ ಒಂದು ಮಾತು. ಶುಲ್ಕ ಕಟ್ಟೋ ಮುಂಚೆ ಕನಿಷ್ಠ ಅಂಕದ ನಿಯಮ ಓದಿ, ಅದರ ಕೆಳಗಿದ್ರೆ ಎಷ್ಟು ಚೆನ್ನಾಗಿ ಬರೆದ್ರೂ ನಡೆಯಲ್ಲ. ಅದರ ಮೇಲಿದ್ರೆ ಪ್ರವೇಶ ಪರೀಕ್ಷೆ, ಸಂದರ್ಶನ ಇರೋ ಕಡೆ ಗಮನ ಕೊಡಿ. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಲ್ಲಿ ಎರಡೂ ಇವೆ. ಪ್ರಕಟವಾದ ಒಂದೆರಡು ಬರಹ ಕೈಯಲ್ಲಿರಲಿ. ಮತ್ತೆ ಆ ಕೆಟ್ಟ ಸೆಮಿಸ್ಟರ್ ಇದೆಯಲ್ಲ, ಅವರು ಕೇಳೋ ಮುಂಚೆ ನೀವೇ ಹೇಳಿಬಿಡಿ. ಮಾರ್ಕ್ಸ್ ಕಾರ್ಡ್ ಹೆಂಗಿದ್ರೂ ಅವರ ಕೈಲೇ ಇರುತ್ತೆ!